ಎದುರುಗಾಳಿಗೆ ಮೊದಲ ಮದ್ದು ಕೂರುವ ಭಂಗಿ, ಕಾರ್ಬನ್ ಚಕ್ರ ಆಮೇಲೆ

ಪ್ರಶ್ನೆ: ನಾನು ವಿಜಯಪುರದಲ್ಲಿ ಪ್ರೌಢಶಾಲೆ ಶಿಕ್ಷಕ. ವಯಸ್ಸು 41, ತೂಕ 68 ಕೆ.ಜಿ. ಮೂರು ವರ್ಷದಿಂದ ಅಲ್ಯೂಮಿನಿಯಂ ರೋಡ್ ಬೈಕ್ ಓಡಿಸುತ್ತಿದ್ದೇನೆ. ಬೆಳಿಗ್ಗೆ ಬಬಲೇಶ್ವರದ ಕಡೆ 20 ಕಿ.ಮೀ. ಹೋಗಿ ಅಷ್ಟೇ ದೂರ ವಾಪಸ್ ಬರುತ್ತೇನೆ. ಗಾಳಿ ಇಲ್ಲದ ದಿನ ಸರಾಸರಿ ವೇಗ ಗಂಟೆಗೆ 30 ಕಿ.ಮೀ.ಗೆ ಬಂದು ನಿಂತುಬಿಟ್ಟಿದೆ. ಜೂನ್–ಜುಲೈ ತಿಂಗಳ ಗಾಳಿಯಲ್ಲಿ ಹೋಗುವಾಗ 21–22ಕ್ಕೆ ಇಳಿಯುತ್ತದೆ. ಬರುವಾಗ 40ರ ಹತ್ತಿರ ಓಡಿದರೂ ಕಳೆದ ಸಮಯ ವಾಪಸ್ ಸಿಗುವುದಿಲ್ಲ. ಇಲ್ಲಿನ ಸೈಕ್ಲಿಂಗ್ ಹುಡುಗರು ನನ್ನನ್ನು ದಾಟಿ ಹೋಗುವಾಗ ನೋಡುತ್ತೇನೆ, ಅವರ ಬೆನ್ನು ನೆಲಕ್ಕೆ ಮಟ್ಟವಾಗಿರುತ್ತದೆ. ನಾನು ಹಾಗೆ ಬಗ್ಗಿದರೆ ಹತ್ತು ನಿಮಿಷಕ್ಕೆ ಕುತ್ತಿಗೆ, ಸೊಂಟ ಹಿಡಿದುಕೊಳ್ಳುತ್ತದೆ, ಬೆರಳುಗಳು ಜೋಮು ಹಿಡಿಯುತ್ತವೆ. ಗೆಳೆಯರು ಕಾರ್ಬನ್ ಚಕ್ರ ಹಾಕಿಸು ಅನ್ನುತ್ತಾರೆ. ಹ್ಯಾಂಡಲ್‌ಗೆ ಕ್ಲಿಪ್-ಆನ್ ಏರೋ ಬಾರ್ (ಮುಂಗೈ ಒರಗಿಸಿ ತಗ್ಗಿ ಕೂರಲು ಮುಂದಕ್ಕೆ ಚಾಚಿದ ಸರಳು) ಕೂರಿಸುವ ಯೋಚನೆಯೂ ಇದೆ. ಯಾವುದನ್ನು ಮೊದಲು ಮಾಡಲಿ?

ಉತ್ತರ: ಚಕ್ರಕ್ಕೆಂದು ಎತ್ತಿಟ್ಟ ದುಡ್ಡು ಸದ್ಯ ಬ್ಯಾಂಕಿನಲ್ಲೇ ಇರಲಿ, ಸರ್. ನಿಮಗೆ ಬೇಕಾದ ವೇಗ ನಿಮ್ಮ ಬೆನ್ನು, ಮೊಣಕೈ ಮತ್ತು ತಲೆಯ ಜೋಡಣೆಯಲ್ಲಿದೆ. ಆದರೆ ಹತ್ತು ನಿಮಿಷಕ್ಕೆ ಕೈಬಿಡುವ ಭಂಗಿಯಿಂದ 40 ಕಿ.ಮೀ. ಓಟಕ್ಕೆ ಏನೂ ಪ್ರಯೋಜನವಿಲ್ಲ. ಹಾಗಾಗಿ ನೀವು ಪೂರ್ತಿ ಒಂದು ಗಂಟೆ, ಪೆಡಲ್‌ನ ಬಲ ಕಡಿಮೆಯಾಗದಂತೆ, ಹಿಡಿದಿಟ್ಟುಕೊಳ್ಳಬಲ್ಲಷ್ಟು ತಗ್ಗಿದ ಭಂಗಿ ಯಾವುದು ಎಂದು ಹುಡುಕಬೇಕು. ಅದಕ್ಕೆ ಎರಡು ಮೂರು ತಿಂಗಳು ಬೇಕು, ಖರ್ಚು ಅಷ್ಟಾಗಿ ಇಲ್ಲ.

ಮೊದಲು ಲೆಕ್ಕ ನೋಡೋಣ. ಲೆಕ್ಕ ಒಮ್ಮೆ ತಲೆಗೆ ಹೋದರೆ ಅಂಗಡಿಯವರ ಮಾತು, ಗೆಳೆಯರ ಮಾತು ಎರಡನ್ನೂ ನೀವೇ ತೂಗಿ ನೋಡಬಹುದು. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ಲನ್ನು ಹಿಂದಕ್ಕೆ ಎಳೆಯುವುದು ಮುಖ್ಯವಾಗಿ ಎರಡು: ಟೈರು ಉರುಳುವಾಗಿನ ತಡೆ ಮತ್ತು ಗಾಳಿಯ ತಡೆ. ಟೈರಿನ ತಡೆ ವೇಗ ಎಷ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿಯ ತಡೆ ಹಾಗಲ್ಲ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ದಾಟಲು ನೀವು ಕೊಡಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಈ ಲೆಕ್ಕದಲ್ಲಿ ಸವಾರನ ಪಾಲನ್ನು ಹೇಳುವ ಸಂಖ್ಯೆಗೆ ಸಿಡಿಎ ಎನ್ನುತ್ತಾರೆ. ಗಾಳಿಗೆ ಎದುರಾಗುವ ನಿಮ್ಮ ವಿಸ್ತೀರ್ಣವನ್ನು ನಿಮ್ಮ ಆಕಾರದ ಗುಣಾಂಕದಿಂದ ಗುಣಿಸಿದರೆ ಬರುವುದು ಅದು. ಬ್ರೇಕ್ ಹುಡ್ಸ್ ಮೇಲೆ, ಅಂದರೆ ಬ್ರೇಕ್ ಲಿವರ್‌ಗಳ ರಬ್ಬರ್ ಹಿಡಿಗಳ ಮೇಲೆ, ಕೈಯಿಟ್ಟು, ಮೊಣಕೈ ನೇರ ಚಾಚಿ, ಎದೆ ಎತ್ತಿ ಕೂತವರಲ್ಲಿ ಅದು ಸುಮಾರು 0.40 ಚದರ ಮೀಟರ್. ಮೊಣಕೈ ಮಡಿಸಿ ತಗ್ಗಿ ಕೂತವರಲ್ಲಿ 0.32ರ ಆಸುಪಾಸು. ಟೈಮ್ ಟ್ರಯಲ್ (ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ) ಸೈಕಲ್ಲಿನಲ್ಲಿ ಪಳಗಿದವರು 0.22–0.25ಕ್ಕೆ ಇಳಿಸುತ್ತಾರೆ.

ನೀವು, ಸೈಕಲ್, ಬಾಟಲಿ, ಬಟ್ಟೆ ಎಲ್ಲ ಸೇರಿ 80 ಕೆ.ಜಿ. ಎಂದಿಟ್ಟುಕೊಳ್ಳೋಣ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಬಿಸಿಗೆ ಗಾಳಿಯ ಸಾಂದ್ರತೆ ಘನ ಮೀಟರ್‌ಗೆ 1.08 ಕೆ.ಜಿ. ಆಸುಪಾಸು ಬರುತ್ತದೆ. ಮಂಗಳೂರಿನ ಸವಾರನಿಗಿಂತ ನಿಮಗೆ ಗಾಳಿ ತುಸು ತೆಳು, ಅಷ್ಟರಮಟ್ಟಿಗೆ ನೀವು ಅದೃಷ್ಟವಂತರು. ಸಿಡಿಎ 0.40 ಇದ್ದಾಗ, ಗಾಳಿ ಬೀಸದ ದಿನ, ಗಂಟೆಗೆ 20 ಕಿ.ಮೀ. ವೇಗಕ್ಕೆ ಚಕ್ರದ ಮೇಲೆ 60 ವ್ಯಾಟ್ ಸಾಕು. ಅದರಲ್ಲಿ 37 ವ್ಯಾಟ್ ಗಾಳಿಗೆ ಹೋಗುತ್ತದೆ. 30 ಕಿ.ಮೀ.ಗೆ 158 ವ್ಯಾಟ್ ಬೇಕು, ಗಾಳಿಯ ಪಾಲು 125. 40 ಕಿ.ಮೀ.ಗೆ 340 ವ್ಯಾಟ್, ಗಾಳಿಯೊಂದೇ 300ರ ಹತ್ತಿರ ತಿಂದುಹಾಕುತ್ತದೆ. ಇಪ್ಪತ್ತರಿಂದ ಮೂವತ್ತಕ್ಕೆ ಬರಲು ಹಾಕಿದ್ದಕ್ಕಿಂತ ಹೆಚ್ಚು ಶ್ರಮವನ್ನು ಮೂವತ್ತರ ನಂತರ ಹಾಕಿದರೂ ಮೀಟರ್‌ನಲ್ಲಿ ಅಂಕೆ ಏಕೆ ಕದಲುವುದಿಲ್ಲ ಎಂಬುದಕ್ಕೆ ಇದೇ ಕಾರಣ. ನಿಮ್ಮ ಕಾಲಿನ ಶಕ್ತಿ ಕುಸಿದಿಲ್ಲ.

ಈಗ ಅದೇ 158 ವ್ಯಾಟ್‌ನಲ್ಲಿ ಸಿಡಿಎ ಮಾತ್ರ 0.40ರಿಂದ 0.32ಕ್ಕೆ ಇಳಿಸಿ ನೋಡಿ. ವೇಗ 30ರಿಂದ 32ಕ್ಕೆ ಏರುತ್ತದೆ. 40 ಕಿ.ಮೀ. ಓಟದಲ್ಲಿ ಐದು ನಿಮಿಷ ಉಳಿತಾಯ.

ನಿಮ್ಮ ದಾರಿಯ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಮುಂಗಾರಿನ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಬಬಲೇಶ್ವರದ ಕಡೆ ಹೋಗುವವರಿಗೆ ಅದು ನೇರ ಎದೆಗೆ. ಗಂಟೆಗೆ 15 ಕಿ.ಮೀ. ಎದುರುಗಾಳಿ ಎಂದುಕೊಂಡರೆ, 158 ವ್ಯಾಟ್‌ಗೆ ಹೋಗುವಾಗಿನ ವೇಗ 21.6, ಬರುವಾಗಿನದು 40. ನೀವು ಬರೆದ ಅಂಕೆಗಳೂ ಇವೇ. ಒಟ್ಟು ಸಮಯ 80 ನಿಮಿಷದ ಬದಲು ಸುಮಾರು 86. ಗಾಳಿ ಎಷ್ಟು ಹಿಡಿಯಿತೋ ಅಷ್ಟೇ ಒತ್ತಿಕೊಟ್ಟಿತಲ್ಲ, ಸಮ ಆಗಬೇಕಿತ್ತಲ್ಲ ಎಂದು ಅನ್ನಿಸುತ್ತದೆ. ಹಾಗಾಗುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ನೀವು ಕಳೆಯುವುದು 56 ನಿಮಿಷ, ಬೆನ್ನಗಾಳಿಯಲ್ಲಿ ಬರೀ 30. ಕಷ್ಟದ ಅರ್ಧದಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ. ಸಿಡಿಎ 0.32ಕ್ಕೆ ಇಳಿದರೆ ಹೋಗುವ ವೇಗ 23.7 ಆಗುತ್ತದೆ, ಆ ಅರ್ಧದಲ್ಲೇ ಐದು ನಿಮಿಷ ಉಳಿಯುತ್ತದೆ. ಬರುವಾಗ ಒಂದೂವರೆ ನಿಮಿಷ. ಒಟ್ಟು 79 ನಿಮಿಷ. ಅಂದರೆ ತಗ್ಗಿ ಕೂತ ನೀವು ಗಾಳಿಯ ದಿನವೂ, ಎದೆ ಎತ್ತಿ ಕೂತು ಗಾಳಿಯಿಲ್ಲದ ದಿನ ಹೊಡೆದಷ್ಟೇ ಸಮಯಕ್ಕೆ ಮನೆ ಸೇರುತ್ತೀರಿ. ಹಾಗಾಗಿ ಭಂಗಿಯ ಅಭ್ಯಾಸವನ್ನು ಹೋಗುವ ಅರ್ಧಕ್ಕೇ ಮೀಸಲಿಡಿ. ಬರುವಾಗ ಬೆನ್ನಿಗೆ ಬಿಡುವು ಕೊಟ್ಟರೆ ನಷ್ಟ ಕಡಿಮೆ.

ಭಂಗಿಯೊಂದರಿಂದ ಇಷ್ಟೆಲ್ಲ ಆಗುತ್ತದೆಯೇ ಎಂಬ ಅನುಮಾನಕ್ಕೆ ಒಂದು ಗಂಟೆಯ ದಾಖಲೆಯ ಚರಿತ್ರೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ವೆಲೋಡ್ರೋಮ್ ಎಂಬ ಸೈಕಲ್ ಓಟದ ಟ್ರ್ಯಾಕಿನಲ್ಲಿ ಒಬ್ಬನೇ ಒಂದು ಗಂಟೆಯಲ್ಲಿ ಎಷ್ಟು ದೂರ ಓಡಿಸಬಲ್ಲ ಎಂಬ ಸ್ಪರ್ಧೆ ಅದು. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದ ತೆಳುಗಾಳಿಯಲ್ಲಿ, ಮಾಮೂಲಿ ಬಾಗಿದ ಹ್ಯಾಂಡಲ್ ಹಿಡಿದು 49.431 ಕಿ.ಮೀ. ಓಡಿಸಿದರು. 1993ರಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾವೇ ಕಟ್ಟಿದ ಸೈಕಲ್ ತಂದರು. ವಾಷಿಂಗ್ ಮಷೀನಿನ ಬೇರಿಂಗ್ ಹಾಕಿದ್ದ ಆ ಸೈಕಲ್ಲಿನಲ್ಲಿ, ಎರಡೂ ತೋಳು ಮಡಿಸಿ ಎದೆಯ ಕೆಳಗೆ ಅಡಗಿಸಿಕೊಂಡು, ನಾರ್ವೆಯ ಹಾಮಾರ್‌ನಲ್ಲಿ 51.596 ಕಿ.ಮೀ. ಮುಟ್ಟಿದರು. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಮರುವರ್ಷವೇ ಆ ಭಂಗಿಯನ್ನು ನಿಷೇಧಿಸಿತು. ಓಬ್ರಿ ಸುಮ್ಮನಾಗದೆ ತೋಳುಗಳನ್ನು ಪೂರ್ತಿ ಮುಂದಕ್ಕೆ ಚಾಚುವ ಇನ್ನೊಂದು ಭಂಗಿ ಕಂಡುಹಿಡಿದರು. 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದೇ ಭಂಗಿಯಲ್ಲಿ ಮ್ಯಾಂಚೆಸ್ಟರ್‌ನಲ್ಲಿ 56.375 ಕಿ.ಮೀ. ಓಡಿಸಿದರು. ಅದೂ ನಿಷೇಧವಾಯಿತು.

ಈ ಕಥೆಯ ನಿಜವಾದ ಪಾಠ 2000ನೇ ಇಸವಿಯದು. ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲಿನಲ್ಲೇ ದಾಖಲೆಗೆ ಯತ್ನಿಸಬೇಕೆಂಬ ನಿಯಮದಡಿ ಅದೇ ಬೋರ್ಡ್‌ಮನ್, ಅದೇ ಮ್ಯಾಂಚೆಸ್ಟರ್‌ನಲ್ಲಿ ಮತ್ತೆ ಓಡಿಸಿದರು. ಬಂದದ್ದು 49.441 ಕಿ.ಮೀ., ಮರ್ಕ್ಸ್‌ಗಿಂತ ಹತ್ತೇ ಹತ್ತು ಮೀಟರ್ ಹೆಚ್ಚು. ನಾಲ್ಕು ವರ್ಷದಲ್ಲಿ ಅವರ ಕಸುವು ಸ್ವಲ್ಪ ತಗ್ಗಿದ್ದಿರಬಹುದು, ಸೈಕಲ್ಲೂ ಬೇರೆ. ಆದರೂ ಒಬ್ಬನೇ ಮನುಷ್ಯನ ಎರಡು ಓಟಗಳ ನಡುವೆ ಸುಮಾರು ಏಳು ಕಿಲೋಮೀಟರ್ ಅಂತರ ಬಿತ್ತಲ್ಲ, ಅದರ ದೊಡ್ಡ ಪಾಲು ಮೈ ಗಾಳಿಯನ್ನು ಸೀಳುವ ರೀತಿಯಿಂದ ಬಂದದ್ದು. ಸೈಕಲ್ ಮತ್ತು ಸವಾರ ಸೇರಿ ಎದುರಿಸುವ ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲಿನಷ್ಟು ಸವಾರನ ದೇಹದ್ದೇ. ಚಕ್ರ, ಫ್ರೇಮು, ಕೇಬಲ್ಲು, ಬಾಟಲಿ ಎಲ್ಲ ಉಳಿದ ಕಾಲು ಪಾಲನ್ನು ಹಂಚಿಕೊಳ್ಳುತ್ತವೆ.

ಗಾಳಿ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನೂ ಸ್ವಲ್ಪ ತಿಳಿದುಕೊಳ್ಳಿ, ಮುಂದೆ ನಾನು ಹೇಳುವ ಪ್ರತಿ ಬದಲಾವಣೆಯೂ ಅದಕ್ಕೇ ಸೇರಿದ್ದು. ಮುಂದಿನಿಂದ ಗಾಳಿ ತಳ್ಳುವುದು ಸಮಸ್ಯೆಯ ಒಂದು ಭಾಗ ಮಾತ್ರ. ನಮ್ಮ ತೋಳು, ಕಾಲು, ಮುಂಡ ಎಲ್ಲವೂ ದುಂಡಗಿನ ಕಂಬಗಳು. ಅವುಗಳ ಸುತ್ತ ಬಂದ ಗಾಳಿ ಹಿಂಬದಿಯಲ್ಲಿ ಮತ್ತೆ ಕೂಡಿಕೊಳ್ಳಲಾರದೆ ಹರಿದು ಸುಳಿಯಾಗುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ದೇಹವನ್ನು ಹಿಂದಕ್ಕೆ ಹೀರುತ್ತದೆ. ಒಂದೇ ದಪ್ಪದ ದುಂಡು ಕಂಬಕ್ಕೂ ಮೀನಿನ ಆಕಾರದ ಕಂಬಕ್ಕೂ ಗಾಳಿಯ ತಡೆಯಲ್ಲಿ ಹತ್ತು ಪಟ್ಟಿನಷ್ಟು ವ್ಯತ್ಯಾಸ ಬರುತ್ತದೆ. ನಾವು ಮೈಯನ್ನು ಮೀನು ಮಾಡಲಾರೆವು. ಆದರೆ ಗಾಳಿಗೆ ಅಡ್ಡ ನಿಂತ ಕಂಬಗಳನ್ನು ಗಾಳಿಯ ದಿಕ್ಕಿಗೆ ಮಲಗಿಸಬಹುದು. ಎದ್ದು ನಿಂತ ಬೆನ್ನನ್ನು, ಮುಂಗೈಯನ್ನು ಮಲಗಿಸಿದರೆ ಅಷ್ಟು ಕಂಬಗಳು ದಾರಿಯಿಂದ ಹೋದಂತೆ.

ಇನ್ನು ಕೆಲಸಕ್ಕೆ ಬರೋಣ. ಹ್ಯಾಂಡಲ್ ಮುಟ್ಟುವ ಮುನ್ನ ಸೀಟು ಸರಿ ಮಾಡಿ. ಹ್ಯಾಂಡಲ್ ತಗ್ಗಿದಂತೆ ಕಾಣಲೆಂದು ಸೀಟು ಎತ್ತುವವರಿದ್ದಾರೆ, ಆರು ತಿಂಗಳಲ್ಲಿ ಮೊಣಕಾಲಿನ ಹಿಂಬದಿ ನೋವು ತಂದುಕೊಳ್ಳುತ್ತಾರೆ. ಗೋಡೆಗೆ ಒರಗಿ ಬರಿಗಾಲಲ್ಲಿ ನಿಂತು, ತೊಡೆಸಂದಿಗೆ ದಪ್ಪನೆಯ ಪುಸ್ತಕವೊಂದನ್ನು ಸೀಟಿನಂತೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳತೆ ತೆಗೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ 70.6 ಸೆಂ.ಮೀ. ಪೆಡಲ್ ಕ್ರ್ಯಾಂಕ್ (ಪೆಡಲ್ ಜೋಡಿಸಿದ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರವಿರಲಿ. ಇದು ಆರಂಭದ ಅಳತೆ, ಶಾಸನವಲ್ಲ. ಓಡಿಸುವಾಗ ಹಿಂದಿನಿಂದ ಯಾರಾದರೂ ನೋಡಲಿ. ಸೊಂಟ ಅತ್ತಿತ್ತ ಓಲಾಡುತ್ತಿದ್ದರೆ ಸೀಟು ಎತ್ತರವಾಯಿತು, ಮೂರು ನಾಲ್ಕು ಮಿಲಿಮೀಟರ್ ಇಳಿಸಿ. ಹ್ಯಾಂಡಲ್ ದೂರ ಅನ್ನಿಸಿದರೆ ಸೀಟನ್ನು ಮುಂದಕ್ಕೆ ತಳ್ಳಬೇಡಿ, ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ಸ್ಟೆಮ್ ಎಂಬ ತುಂಡನ್ನು ಗಿಡ್ಡದ್ದಕ್ಕೆ ಬದಲಿಸಿ. ಸೀಟಿನ ಜಾಗ ಕಾಲಿಗೆ ಸಂಬಂಧಿಸಿದ್ದು, ಕೈಗಲ್ಲ.

ಆಮೇಲೆ ಬಗ್ಗುವ ಬಗೆ. ನೀವು ಬರೆದ ಸೊಂಟನೋವಿನ ಮೂಲ ಇಲ್ಲೇ ಇದೆ ಎಂದು ನನ್ನ ಅಂದಾಜು. ಹೆಚ್ಚಿನವರು ಬೆನ್ನನ್ನು ನಡುವಿನಲ್ಲಿ ಗೂನಾಗಿ ಮಡಿಸಿ ಬಗ್ಗುತ್ತಾರೆ, ಸೊಂಟದ ಮೂಳೆ ಮಾತ್ರ ನೆಟ್ಟಗೆ ಕುಳಿತಿರುತ್ತದೆ. ಆಗ ಬೆನ್ನಿನ ಕೆಳಭಾಗದ ಸ್ನಾಯುಗಳು ಪೂರ್ತಿ ಹೊತ್ತು ಎಳೆದುಕೊಂಡೇ ಇರಬೇಕು. ಬಗ್ಗಬೇಕಾದ್ದು ತೊಡೆಸಂದಿನಲ್ಲಿ. ಹೊಕ್ಕುಳನ್ನು ಹ್ಯಾಂಡಲ್ ಕಡೆಗೆ ತಿರುಗಿಸುತ್ತೀರಿ ಎಂದುಕೊಂಡು ಸೊಂಟದ ಮೂಳೆಯನ್ನೇ ಮುಂದಕ್ಕೆ ಉರುಳಿಸಿ. ಆಗ ಬೆನ್ನು ತಾನೇ ಉದ್ದವಾಗಿ ಮಲಗುತ್ತದೆ. ಹೀಗೆ ಉರುಳಿಸಿದಾಗ ಸೀಟಿನ ಮೂತಿ ಮುಂದೆ ಒತ್ತುತ್ತದೆ, ಅಲ್ಲಿ ಜೋಮು ಬರುತ್ತದೆ. ಹಾಗಾದರೆ ಮೂತಿಯನ್ನು ಒಂದೆರಡು ಡಿಗ್ರಿ ಕೆಳಗಿಳಿಸಿ. ಆಗಲೂ ಹೋಗದಿದ್ದರೆ ನಡುವೆ ಸೀಳು ಇರುವ ಸೀಟು ಕೊಳ್ಳಿ. ನಿಮ್ಮಲ್ಲಿ ನಾನು ಮೊದಲು ಖರ್ಚು ಮಾಡಿಸುವುದಿದ್ದರೆ ಅದು ಸೀಟಿಗೇ. ಆ ಜಾಗದ ಜೋಮನ್ನು ಸಹಿಸಿಕೊಂಡು ಓಡಿಸಬಾರದು, ನರ ಮತ್ತು ರಕ್ತನಾಳ ಒತ್ತುತ್ತಿವೆ ಎಂಬುದರ ಸೂಚನೆ ಅದು.

ಮೂರನೆಯದು ಮೊಣಕೈ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಗ್ಗದ ವೇಗ. ಡ್ರಾಪ್ಸ್ (ಹ್ಯಾಂಡಲ್‌ನ ಕೆಳಕ್ಕೆ ಬಾಗಿದ ಭಾಗ) ಹಿಡಿದರೆ ಸಾಕು, ಏರೋ ಆಯಿತು ಎಂಬ ನಂಬಿಕೆ ಇದೆ. ಡ್ರಾಪ್ಸ್ ಹಿಡಿದು ತೋಳು ನೇರ ಚಾಚಿದರೆ ಎದೆ ತಗ್ಗುವುದು ಅಷ್ಟಕ್ಕಷ್ಟೇ, ಎರಡು ನೇರ ಕಂಬಗಳು ಗಾಳಿಗೆ ಅಡ್ಡ. ಅದಕ್ಕಿಂತ ಹುಡ್ಸ್ ಮೇಲೆ ಕೈಯಿಟ್ಟು, ಮೊಣಕೈಯನ್ನು ಹೆಚ್ಚುಕಡಿಮೆ ಲಂಬಕೋನಕ್ಕೆ ಮಡಿಸಿ, ಮುಂಗೈ ನೆಲಕ್ಕೆ ಮಟ್ಟವಾಗಿ ಬರುವಂತೆ ಕೂತರೆ ಬಹಳಷ್ಟು ಸವಾರರಿಗೆ ಗಾಳಿಯ ತಡೆ ಇನ್ನೂ ಕಡಿಮೆ. ಬ್ರೇಕ್ ಲಿವರ್ ಬೆರಳಿನ ಅಡಿಯಲ್ಲೇ ಇರುವುದರಿಂದ ನಮ್ಮ ರಸ್ತೆಗೆ ಇದು ಸುರಕ್ಷಿತವೂ ಹೌದು. ಮೊಣಕೈ ಪಕ್ಕಕ್ಕೆ ಅಗಲಿಸದೆ ಮೈಗೆ ಹತ್ತಿರ ತನ್ನಿ. ತಲೆಯನ್ನು ಭುಜಗಳ ನಡುವೆ ಇಳಿಸಿ, ಗಲ್ಲ ಮುಂದಕ್ಕೆ ಚಾಚಿ. ಆದರೆ ಕಣ್ಣು ರಸ್ತೆಯ ಮೇಲಿರಲಿ. ತಲೆ ಪೂರ್ತಿ ತಗ್ಗಿಸಿ ಮುಂದಿನ ಚಕ್ರ ನೋಡುತ್ತ ಓಡಿಸುವ ಚಾಳಿ ಯಾವ ವೇಗಕ್ಕೂ ಬೇಡ.

ಇವಿಷ್ಟು ಒಂದು ತಿಂಗಳು ಮಾಡಿ. ಅದಾದ ಮೇಲೆ ಹ್ಯಾಂಡಲ್ ಇಳಿಸಬಹುದು. ಸ್ಟೆಮ್‌ನ ಕೆಳಗೆ ಬಳೆಯಂಥ ಸ್ಪೇಸರ್‌ಗಳಿರುತ್ತವೆ, ಸಾಮಾನ್ಯವಾಗಿ 5 ಅಥವಾ 10 ಮಿ.ಮೀ. ದಪ್ಪ. ಒಮ್ಮೆಗೆ ಒಂದನ್ನು ಮಾತ್ರ ಕೆಳಗಿನಿಂದ ತೆಗೆದು ಸ್ಟೆಮ್‌ನ ಮೇಲೆ ಹಾಕಿ. ಕ್ರಮ ಹೀಗೆ: ಮೊದಲು ಸ್ಟೆಮ್‌ನ ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಆಮೇಲೆ ಮೇಲಿನ ಮುಚ್ಚಳದ ಬೋಲ್ಟ್ ಬಿಚ್ಚಿ, ಸ್ಟೆಮ್ ಎತ್ತಿ, ಸ್ಪೇಸರ್ ಬದಲಿಸಿ ಕೂರಿಸಿ. ಈಗ ಮುಚ್ಚಳದ ಬೋಲ್ಟನ್ನು ಅಲುಗಾಟ ಹೋಗುವಷ್ಟೇ ಬಿಗಿ ಮಾಡಿ. ಅದು ಹ್ಯಾಂಡಲ್ ಹಿಡಿದಿಡುವ ಬೋಲ್ಟಲ್ಲ, ಬೇರಿಂಗನ್ನು ಒತ್ತುವುದಷ್ಟೇ ಅದರ ಕೆಲಸ. ಸ್ಟೆಮನ್ನು ಮುಂದಿನ ಚಕ್ರದ ನೇರಕ್ಕೆ ತಂದು ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಸಿ. ಸ್ಟೆಮ್ ಮೇಲೆ ಎಷ್ಟು ಬಿಗಿಸಬಹುದೆಂಬ ಟಾರ್ಕ್ ಅಂಕೆ ಬರೆದಿರುತ್ತದೆ, ಹೆಚ್ಚಾಗಿ 5 ನ್ಯೂಟನ್ ಮೀಟರ್. ಅದನ್ನು ಮೀರಬೇಡಿ, ಸ್ಟೆಮ್ ಕಚ್ಚಿ ಹಿಡಿಯುವ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ಕೊಳವೆ ಕಾರ್ಬನ್‌ದಾಗಿದ್ದರಂತೂ ಖಂಡಿತ ಬೇಡ. ಕೊನೆಗೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಅಲುಗಿಸಿ. ಟಕಟಕ ಅಂದರೆ ಬೇರಿಂಗ್ ಸಡಿಲ. ಮುಂದಿನ ಚಕ್ರ ಎತ್ತಿ ಹಿಡಿದಾಗ ಹ್ಯಾಂಡಲ್ ತಾನಾಗಿ ಎರಡೂ ಕಡೆ ಹೊರಳದಿದ್ದರೆ ಬಿಗಿ ಹೆಚ್ಚಾಯಿತು. ಕೊಳವೆಯನ್ನು ಮಾತ್ರ ಕತ್ತರಿಸಬೇಡಿ. ಮೇಲೆ ಸ್ಪೇಸರ್ ಕಂಡರೆ ಚೆಂದ ಕಾಣುವುದಿಲ್ಲ ಎಂದು ಕತ್ತರಿಸಿದವರಿಗೆ ಮತ್ತೆ ಹ್ಯಾಂಡಲ್ ಎತ್ತರಿಸಬೇಕೆನಿಸಿದಾಗ ಹೊಸ ಫೋರ್ಕಿಗೆ ದುಡ್ಡು ಹಾಕಬೇಕಾಗುತ್ತದೆ.

ಪ್ರತಿ ಸ್ಪೇಸರ್‌ಗೂ ಎರಡು ವಾರ ಕೊಡಿ. ಯಾವಾಗ ನಿಲ್ಲಿಸಬೇಕು ಎಂಬುದನ್ನು ತೊಡೆಸಂದು ಹೇಳುತ್ತದೆ. ಬೆನ್ನು ತಗ್ಗಿದಷ್ಟೂ, ಪೆಡಲ್ ಮೇಲೆ ಬಂದಾಗ ತೊಡೆ ಹೊಟ್ಟೆಗೆ ಹತ್ತಿರವಾಗುತ್ತದೆ. ಒಂದು ಹಂತ ದಾಟಿದರೆ ಉಸಿರು ಗಿಡ್ಡವಾಗುತ್ತದೆ, ಕಾಲು ಮೇಲ್ಗಡೆ ಸಿಕ್ಕಿಕೊಂಡಂತಾಗಿ ಮೊಣಕಾಲು ಪಕ್ಕಕ್ಕೆ ಹೊರಳುತ್ತದೆ, ಬಲ ಕುಸಿಯುತ್ತದೆ. ಗಾಳಿಯಲ್ಲಿ 10 ವ್ಯಾಟ್ ಉಳಿಸಿ ಕಾಲಿನಲ್ಲಿ 15 ಕಳೆದುಕೊಂಡರೆ ಆ ಸ್ಪೇಸರ್ ಹಿಂದಿನ ಜಾಗಕ್ಕೆ ಹೋಗಬೇಕು. ಈಚಿನ ವರ್ಷಗಳಲ್ಲಿ ಗಿಡ್ಡ ಕ್ರ್ಯಾಂಕ್ ಬಳಕೆಗೆ ಬಂದಿರುವುದು ಇದಕ್ಕೇ. ಕ್ರ್ಯಾಂಕ್ 5 ಮಿ.ಮೀ. ಗಿಡ್ಡವಾದರೆ ಪೆಡಲ್ ಮೇಲೆ ಬಂದಾಗ ಅಷ್ಟು ಕೆಳಗೇ ಇರುತ್ತದೆ, ಸೀಟನ್ನೂ ಅಷ್ಟೇ ಎತ್ತಬಹುದು, ತೊಡೆಗೆ ಜಾಗ ಸಿಗುತ್ತದೆ. ಟೂರ್ ಡಿ ಫ್ರಾನ್ಸ್ ಗೆದ್ದ ತಾಡೆ ಪೊಗಾಚಾರ್ 165 ಮಿ.ಮೀ. ಕ್ರ್ಯಾಂಕಿಗೆ ಬದಲಾದದ್ದು ಸುದ್ದಿಯಾಗಿತ್ತು. ನಿಮ್ಮ ಸೈಕಲ್ಲಿನಲ್ಲಿ 170 ಅಥವಾ 172.5 ಇರಬಹುದು. ಈಗಲೇ ಬದಲಿಸಬೇಕಿಲ್ಲ, ಮುಂದೆ ಕ್ರ್ಯಾಂಕ್ ಸವೆದಾಗ ನೆನಪಿರಲಿ.

ಕುತ್ತಿಗೆ ನೋವು ಮತ್ತು ಬೆರಳಿನ ಜೋಮಿಗೆ ಕಾರಣ ಸಾಮಾನ್ಯವಾಗಿ ಒಂದೇ: ಮೈಭಾರವನ್ನೆಲ್ಲ ಅಂಗೈಗೆ ಹಾಕಿ ತೋಳನ್ನು ಕಂಬದಂತೆ ಬಿಗಿಹಿಡಿಯುವುದು. ಮುಂಡದ ಭಾರವನ್ನು ಹೊಟ್ಟೆ ಮತ್ತು ಬೆನ್ನಿನ ಸ್ನಾಯು ಹೊರಬೇಕು, ಅಂಗೈ ಹ್ಯಾಂಡಲ್ ಮೇಲೆ ಹಗುರಾಗಿ ಕೂತಿರಬೇಕು. ಪರೀಕ್ಷೆ ಸುಲಭ. ತಗ್ಗಿದ ಭಂಗಿಯಲ್ಲಿ ಪೆಡಲ್ ತುಳಿಯುತ್ತಲೇ ಬೆರಳುಗಳನ್ನು ಹುಡ್ಸ್ ಮೇಲೆ ಪಿಯಾನೋ ನುಡಿಸಿದ ಹಾಗೆ ಆಡಿಸಲು ಆಗಬೇಕು. ಆಗದಿದ್ದರೆ ಭಾರ ಕೈಮೇಲಿದೆ. ವಾರಕ್ಕೆ ಮೂರು ದಿನ ಪ್ಲ್ಯಾಂಕ್, ತೊಡೆಯ ಹಿಂಭಾಗ ಮತ್ತು ತೊಡೆಸಂದಿನ ಸ್ನಾಯು ಎಳೆಯುವ ವ್ಯಾಯಾಮ, ತಲಾ ಕಾಲು ಗಂಟೆ ಮಾಡಿ. ರಸ್ತೆಯಲ್ಲಿ ಮೊದಲ ವಾರ ಎರಡು ನಿಮಿಷ ತಗ್ಗಿ, ಎರಡು ನಿಮಿಷ ಏಳಿ. ಮುಂದಿನ ವಾರ ಐದು ನಿಮಿಷ. ಹೀಗೆ ಏರಿಸುತ್ತ ಹೋದರೆ ಎರಡು ತಿಂಗಳಲ್ಲಿ ಇಪ್ಪತ್ತು ನಿಮಿಷ ಸಲೀಸಾಗಿ ಬರಬೇಕು. ನೋವು ತೋಳಿಗೆ ಅಥವಾ ಕಾಲಿಗೆ ಇಳಿದರೆ, ಸೈಕಲ್ಲಿನಿಂದ ಇಳಿದ ಮೇಲೂ ಜೋಮು ಉಳಿದರೆ, ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಬದಲಾವಣೆ ಫಲ ಕೊಟ್ಟಿತೇ ಎಂದು ತಿಳಿಯಲು, ತುಳಿತದ ವ್ಯಾಟ್ ಅಳೆಯುವ ಪವರ್ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದೆಯೂ ಒಂದು ದಾರಿಯಿದೆ. ವಾಹನ ಕಡಿಮೆ ಓಡಾಡುವ, ಕೊನೆಯಲ್ಲಿ ಮಟ್ಟವಾಗುವ ಒಂದು ಉದ್ದನೆಯ ಇಳಿಜಾರು ಹುಡುಕಿ. ಗಾಳಿ ಏಳುವ ಮುನ್ನ ಬೆಳಿಗ್ಗೆ ಹೋಗಿ. ಒಂದು ಕಿಲೋಮೀಟರ್ ಕಲ್ಲಿನ ಪಕ್ಕ ಪೂರ್ತಿ ನಿಂತ ಸ್ಥಿತಿಯಿಂದ ಬ್ರೇಕ್ ಬಿಡಿ, ಪೆಡಲ್ ತುಳಿಯಬೇಡಿ. ಹಳೇ ಭಂಗಿಯಲ್ಲಿ ಒಮ್ಮೆ, ಹೊಸ ಭಂಗಿಯಲ್ಲಿ ಒಮ್ಮೆ, ಮತ್ತೆ ಹಳೇದು, ಮತ್ತೆ ಹೊಸದು. ಪ್ರತಿ ಸಲ ಗರಿಷ್ಠ ವೇಗ ಎಷ್ಟಾಯಿತು, ಸೈಕಲ್ ಎಲ್ಲಿಗೆ ಬಂದು ನಿಂತಿತು ಎಂದು ಬರೆದಿಡಿ. ಬಟ್ಟೆ, ಬಾಟಲಿಯ ನೀರು, ಟೈರಿನ ಗಾಳಿ ಒಂದೇ ಇರಲಿ. ಪಕ್ಕದಲ್ಲಿ ಲಾರಿ ಹೋದರೆ ಆ ಸಲದ ಅಂಕೆ ಬಿಟ್ಟುಬಿಡಿ, ಅದು ಎಳೆದ ಗಾಳಿ ನಿಮ್ಮನ್ನೂ ಎಳೆದಿರುತ್ತದೆ. ಹಳೆಯದರ ಎರಡು ಅಂಕೆಗಳೇ ಪರಸ್ಪರ ಹೊಂದದಿದ್ದರೆ ಗಾಳಿ ಬದಲಾಗಿದೆ ಎಂದರ್ಥ, ಇನ್ನೊಂದು ದಿನ ಮಾಡಿ.

ಬಟ್ಟೆಯ ಬಗ್ಗೆ ಒಂದೇ ಮಾತು: ಪಟಪಟ ಹೊಡೆದುಕೊಳ್ಳುವ ಯಾವುದೂ ಬೇಡ. ಮೈಗೆ ಅಂಟಿದ ಜರ್ಸಿ ತೊಡಿ, ಜಿಪ್ ಪೂರ್ತಿ ಏರಿಸಿ, ಮಳೆ ನಿಂತ ತಕ್ಷಣ ವಿಂಡ್‌ಚೀಟರ್ ತೆಗೆದು ಜೇಬಿಗೆ ಹಾಕಿ. ಗಾಳಿ ತುಂಬಿಕೊಂಡ ವಿಂಡ್‌ಚೀಟರ್, ನೀವು ಭಂಗಿಯಲ್ಲಿ ಗಳಿಸಿದ್ದನ್ನೆಲ್ಲ ಒಂದೇ ಏಟಿಗೆ ವಾಪಸ್ ಕಸಿಯುತ್ತದೆ. ಟೈರು 28 ಮಿ.ಮೀ.ನದು ನಿಮ್ಮ ಫ್ರೇಮಿಗೆ ಹಿಡಿಸುವುದಾದರೆ ಹಾಕಿಸಿ, ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. ಒರಟು ಡಾಂಬರಿನಲ್ಲಿ ಅತಿ ಬಿಗಿ ಟೈರು ಕುಪ್ಪಳಿಸಿ ಶಕ್ತಿ ವ್ಯರ್ಥ ಮಾಡುತ್ತದೆ, ಆ ಕುಲುಕಾಟವೇ ನಿಮ್ಮ ಬೆರಳಿಗೆ ಜೋಮು ತರುವ ಇನ್ನೊಂದು ಕಾರಣ.

ಕಾರ್ಬನ್ ಚಕ್ರದ ಮಾತು. ಮೇಲಿನ ಲೆಕ್ಕದಲ್ಲೇ ನೋಡಿ. 30 ಕಿ.ಮೀ. ವೇಗದಲ್ಲಿ ಸಿಡಿಎ 0.01 ಇಳಿದರೆ ಉಳಿಯುವುದು ಸುಮಾರು 3 ವ್ಯಾಟ್. ಎತ್ತರ ರಿಮ್ಮಿನ ಒಳ್ಳೆಯ ಜೋಡಿ ಚಕ್ರ ಕೊಡುವುದು ಹೆಚ್ಚುಕಡಿಮೆ ಅಷ್ಟೇ. ನೀವು ಮೊಣಕೈ ಮಡಿಸಿ ಬೆನ್ನು ತಗ್ಗಿಸಿದಾಗ 0.40 ಹೋಗಿ 0.32 ಆಯಿತಲ್ಲ, ಅದು 25 ವ್ಯಾಟ್. ಗಂಟೆಗೆ 40ಕ್ಕೂ ಮೀರಿ ಓಡಿಸುವ ಹುಡುಗರಿಗೆ ಚಕ್ರದಿಂದ ಸಿಗುವ ಲಾಭ ದೊಡ್ಡದು, ಗೆಲುವು ಸೋಲು ಸೆಕೆಂಡಿನಲ್ಲಿ ತೀರ್ಮಾನವಾಗುವವರಿಗೆ ಅದು ಬೇಕು. ನಿಮ್ಮ ವೇಗಕ್ಕೆ ಲಕ್ಷ ರೂಪಾಯಿಯ ಲಾಭ ಅದರಲ್ಲಿಲ್ಲ. ಮೇಲಾಗಿ ನಿಮ್ಮ ಬಯಲಿನಲ್ಲಿ ಗಾಳಿ ಪಕ್ಕದಿಂದ ಬೀಸಿದಾಗ ಎತ್ತರ ರಿಮ್ಮಿನ ಮುಂದಿನ ಚಕ್ರ ಹ್ಯಾಂಡಲ್ಲನ್ನೇ ತಿರುಗಿಸುತ್ತದೆ. ಆಗ ಹೆದರಿಕೊಂಡು ಎದ್ದು ಕೂತರೆ ಇದ್ದದ್ದೂ ಹೋಯಿತು. ನಂದಿ ಬೆಟ್ಟದಂಥ ಏರು ಹತ್ತುವಾಗಲಂತೂ ಈ ಇಡೀ ಚರ್ಚೆಯೇ ಬೇಡ. 6 ಪ್ರತಿಶತ ಏರಿನಲ್ಲಿ 12 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿಗೆ ಹೋಗುವುದು ಎಂಟು ವ್ಯಾಟ್, ಭಾರ ಎತ್ತಲು ನೂರೈವತ್ತಕ್ಕೂ ಹೆಚ್ಚು. ಅಲ್ಲಿ ನೆಟ್ಟಗೆ ಕೂತು ಆರಾಮವಾಗಿ ಉಸಿರಾಡಿ.

ಇಳಿಯುವಾಗ ಟಾಪ್ ಟ್ಯೂಬ್ (ಸೀಟಿನ ಮುಂದಿನ ಅಡ್ಡ ಕೊಳವೆ) ಮೇಲೆ ಕೂತು ಎದೆಯನ್ನು ಹ್ಯಾಂಡಲ್‌ಗೆ ಒರಗಿಸುವುದನ್ನು ನೀವು ವಿಡಿಯೋದಲ್ಲಿ ನೋಡಿರುತ್ತೀರಿ. ಯುಸಿಐ ಅದನ್ನು 2021ರಲ್ಲಿ ಸ್ಪರ್ಧೆಗಳಲ್ಲಿ ನಿಷೇಧಿಸಿದೆ. ಮುಂಗೈಯನ್ನು ಬರಿಯ ಹ್ಯಾಂಡಲ್ ಮೇಲೆ ಒರಗಿಸಿ ಓಡಿಸುವುದಕ್ಕೂ ಅದೇ ನಿಷೇಧ ಇದೆ. ಸ್ಪರ್ಧೆ ಇರಲಿ ಬಿಡಲಿ, ಒಂದು ಸಣ್ಣ ಗುಂಡಿ ಸಾಕು, ಕೈ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ.

ಇನ್ನೊಬ್ಬರ ಬೆನ್ನ ಹಿಂದೆ ಓಡಿಸುವುದು ಎಲ್ಲ ಭಂಗಿಗಿಂತ ದೊಡ್ಡ ಉಳಿತಾಯ. ಚಕ್ರದ ಹಿಂದೆ ಚಕ್ರ ಹತ್ತಿರವಿಟ್ಟರೆ ಗಾಳಿಯ ತಡೆ ಮೂರನೇ ಒಂದು ಪಾಲಿನಷ್ಟು ಇಳಿಯುತ್ತದೆ. ನಿಮ್ಮೂರಲ್ಲಿ ಅಷ್ಟು ಒಳ್ಳೆಯ ಸವಾರರಿದ್ದಾರೆ, ವಾರಕ್ಕೊಮ್ಮೆ ಆ ಹುಡುಗರ ಕೋಚ್ ಅವರನ್ನು ಕೇಳಿ ನಿಧಾನದ ದಿನ ಅವರ ಸಾಲಿನಲ್ಲಿ ಸೇರಿಕೊಳ್ಳಿ. ಅವರ ಹಿಂದೆ ಕೂತು ಮೊಣಕೈ, ತಲೆ, ಸೊಂಟ ಹೇಗಿಟ್ಟಿದ್ದಾರೆ ಎಂದು ನೋಡುವುದೇ ಒಂದು ಪಾಠ. ಅಮೆರಿಕದ ಡೆನಿಸ್ ಮ್ಯುಲರ್-ಕೋರೆನೆಕ್ 2018ರಲ್ಲಿ ಬಾನವಿಲ್ ಉಪ್ಪಿನ ಬಯಲಲ್ಲಿ ಕಾರಿನ ಹಿಂದೆ ಗಂಟೆಗೆ ಸುಮಾರು 296 ಕಿ.ಮೀ. ಮುಟ್ಟಿದರು. ಗಾಳಿಯೊಂದನ್ನು ತೆಗೆದರೆ ಮನುಷ್ಯನ ಕಾಲು ಏನು ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಅಲ್ಲಿ ರಸ್ತೆ ಖಾಲಿ, ಎಲ್ಲ ಮೊದಲೇ ಅಳೆದದ್ದು. ಕಬ್ಬಿನ ಸೀಸನ್ನಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಅಂಟಿಕೊಂಡು ಓಡಿಸುವ ಹುಡುಗರನ್ನು ನಿಮ್ಮ ಕಡೆ ನೋಡಿದ್ದೇನೆ. ಮುಂದಿನ ಗುಂಡಿ ಕಾಣುವುದಿಲ್ಲ, ಬ್ರೇಕ್ ದೀಪ ಇರುವುದಿಲ್ಲ, ಕಬ್ಬು ಯಾವಾಗ ಜಾರುತ್ತದೋ ಹೇಳಲಾಗದು. ನಿಮ್ಮ ವಿದ್ಯಾರ್ಥಿಗಳಲ್ಲಿ ಅಂಥವರಿದ್ದರೆ ದಯವಿಟ್ಟು ತಡೆಯಿರಿ.

ಕೊನೆಗೆ ಏರೋ ಬಾರ್. ಅದರ ಲಾಭ ನಿಜ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ ಒಟ್ಟು ಸಮಯದಲ್ಲಿ 50 ಸೆಕೆಂಡ್ ಹಿಂದಿದ್ದರು. ಮುಂಗೈ ಒರಗಿಸುವ ಬಾರ್ ಮತ್ತು ಗಾಳಿ ಸೀಳುವ ಹೆಲ್ಮೆಟ್ ಅವರದು. ಮುಂದಿದ್ದ ಲೋರಾನ್ ಫಿನ್ಯೋನ್‌ರದು ಬರಿತಲೆ, ಹಿಂದೆ ಜುಟ್ಟು. ಲೆಮಾಂಡ್ ಆ ದಿನ 58 ಸೆಕೆಂಡ್ ಗಳಿಸಿ ಇಡೀ ಟೂರನ್ನು 8 ಸೆಕೆಂಡಿನಲ್ಲಿ ಗೆದ್ದರು. ಆದರೆ ಆ ಬಾರ್ ಹಿಡಿದಾಗ ಕೈ ಬ್ರೇಕಿನಿಂದ ದೂರ, ಸೈಕಲ್ಲಿನ ಹಿಡಿತವೂ ಕಡಿಮೆ. ನಿಮ್ಮ ದಾರಿಯಲ್ಲಿ ಎಮ್ಮೆ, ನಾಯಿ, ತಿರುವಿನಲ್ಲಿ ಏಕಾಏಕಿ ಬರುವ ಬೈಕು ಎಲ್ಲ ಇವೆ. ಮೊದಲು ಹುಡ್ಸ್ ಮೇಲೆ ತಗ್ಗಿ ಇಪ್ಪತ್ತು ನಿಮಿಷ ಕೂರುವುದು ರೂಢಿಯಾಗಲಿ. ಆಮೇಲೂ ಬೇಕೆನಿಸಿದರೆ ಮೊಣಕೈ ಇಡುವ ಮೆತ್ತೆಗಳನ್ನು ಎತ್ತರದಲ್ಲೇ ಹಾಕಿಸಿ ಶುರುಮಾಡಿ, ಮುಂದೆ ಅರ್ಧ ಕಿಲೋಮೀಟರ್ ಖಾಲಿ ಕಾಣುವ ನೇರ ರಸ್ತೆಯಲ್ಲಿ ಮಾತ್ರ ಅದನ್ನು ಹಿಡಿಯಿರಿ. ಹುಡುಗರ ಸಾಲಿನಲ್ಲಿ ಸೇರುವ ದಿನ ಆ ಬಾರನ್ನು ಬಿಚ್ಚಿಟ್ಟು ಬನ್ನಿ. ಎಲ್ಲರೂ ಒಟ್ಟಿಗೆ ಹೊರಡುವ ರೋಡ್ ರೇಸ್‌ಗಳಲ್ಲಿ ಅದಕ್ಕೆ ಅನುಮತಿಯಿಲ್ಲ, ಒಬ್ಬೊಬ್ಬರೇ ಹೊರಡುವ ಟೈಮ್ ಟ್ರಯಲ್‌ನಲ್ಲಿ ಬಳಸಬಹುದು.